ಮೊದಲ ಎರಡು ನಿಮಿಷ

ಚೌಬಾರದ ಹಿಂದ, ಚಹಾದಂಗಡಿ ಬಾಕಿನ ಮ್ಯಾಲ
ಪಿಯುಸಿಯ ಪ್ರಾಕ್ಟಿಕಲ್ ನೋಟ್‌ಬುಕ್ಕು ಹರವಿ
ಕಪ್ಪಿ ಕರುಳಿನ ಚಿತ್ರದ ಮಗ್ಗಲ ಹಾಳ್ಯಾಗ
ಚೌಕ ಹಾಕ್ತಾಳ ಎಲಿಶೆಬಾ.

ಚೌಕ ಒಂದು: ಕೀಲಿ.
ಚೌಕ ಎರಡು: ಕೀಲಿ ಹಿಡಿದ ಕೈ.
ಚೌಕ ಮೂರು ಖಾಲಿ. ಅಲ್ಲಿ ಗ್ಲಾಸಿನ ದುಂಡನ ಗುರುತು ಬಿದ್ದಾದ,
ಅದನ್ನೇ ಚಂದ್ರ ಮಾಡಮು ಅಂತಾನ ವೈಜಿನಾಥ.

ಎರಡು ನಿಮಿಷ ಅಷ್ಟೇ ಕೊಟ್ಟಾರ ಕಾಲೇಜಿನ್ಯಾಗ.
ಪೂರಾ ಸಿನಿಮಾ ಬ್ಯಾಡ, ಶುರುವಾತ್ ಸಾಕು,
ನೋಡಾಕ ಕುಂತವರು ಏಳಬಾರದು ಅಂದಾರ ಮೇಡಮ್ಮು.
ಕೊಂದವ ಯಾರು, ಯಾಕ ಕೊಂದ,
ನಮಗೂ ಗೊತ್ತಿಲ್ಲ, ಗೊತ್ತಿರೋ ಜರೂರತ್ತೂ ಇಲ್ಲ.
ಒಂದು ಬಾಗಿಲ ತೆರೀಬೇಕು.
ಒಬ್ಬಾಕಿ ತಿರುಗಿ ನೋಡಬೇಕು.
ಕತ್ತಲಿ.

ಕತ್ತಲಿ ಎಲ್ಲಿಂದ ತರೋದು?
ಫೋನಿನ್ಯಾಗ ತೆಗೆದ ಕತ್ತಲಿ ಬೂದಿ ಬಣ್ಣ ಬರ್ತದ,
ಒಲಿ ಆರಿದ ಮರುದಿನದಂಗ.
ನೌಬಾದಿನ ಸುರಂಗ ಬಾವಿಗಿ ಇಳಿದು ನೋಡಿದ್ವಿ:
ಬಾವಲಿ, ಕೆಸರು, ವೈಜಿನಾಥನ ಒಂದು ಚಪ್ಪಲಿ ಹೋಯ್ತು.
ಸಪ್ಪಳ ಚಂದ ಬಂದದ, ಚಿತ್ರ ಏನೂ ಇಲ್ಲ.

ಇಮ್ರೋಜನ ಮಾಮು ಬಿದ್ರಿ ಕೆಲಸದಾತ.
ನಮ್ಮ ಗೋಳು ಕೇಳಿ ನಕ್ಕ.
ಕ್ವಾಟಿ ಮಣ್ಣು ಚಿಟಿಕಿ ನಾಲಿಗಿ ತುದಿಗಿಟ್ಟು, ರುಚಿ ನೋಡಿ, ಉಗುಳಿ,
"ಕಪ್ಪು ಬಳಿಯೋದಲ್ಲ ಬೇಟಿ, ಕಪ್ಪು ಏಳಬೇಕು" ಅಂದ.
ಬಿಸಿಲು ಮಳಿ ಕಾಣದ ಮಣ್ಣು, ನವಸಾಗರ ಕಲಸಿ ಉಜ್ಜಿದರ
ಜಸ್ತಾ ಕರ್ರಗಾಗ್ತದ,
ಬೆಳ್ಳಿ ತನ್ನ ಪಾಡಿಗಿ ತಾ ಇರ್ತದ.
ಅಂದಿನಿಂದ ನಮ್ಮ ಚೌಕಕ್ಕೊಂದು ಬೆಳ್ಳಿ ಗೀಟು:
ಕೀಲಿ ಅಂಚು. ಚಿಲಕ. ಆಕಿ ಮೂಗಿನ ತುದಿ.
ಉಳದದ್ದೆಲ್ಲ ಮಣ್ಣು.

ಆಮ್ಯಾಲ ಪಾತ್ರದ ಪಟ್ಟಿ. ಪೆನ್ನು ನನ್ನ ಕೈಯಾಗ.
ತಿರುಗಿ ನೋಡಾಕಿ: ಎಲಿಶೆಬಾ.
ಆಕಿಗಿ ಕಿರಿಚೋದು ಬರಲ್ಲ,
ಚರ್ಚಿನ್ಯಾಗ ಹಾಡಿ ಹಾಡಿ ಹೆದರಿಕಿನೂ ಸುರಕ್ಕ ಕೂಡ್ತದ.
ಬ್ಯಾಡ, ಸುಮ್ಮ ನಿಲ್ಲು ಅಂದೆ.
ವಾಚ್‌ಮನ್: ವೈಜಿನಾಥ.
ಅವರ ಕಾಕಾಂದು ಮಂಗ್ಯಾಟೋಪಿ, ಸ್ವೆಟರ್ ಎರಡೂ ಅವ.
ಕೊಲೆಗಾರ...
ಯಾರೂ ಬಾಯಿ ತೆರೀಲಿಲ್ಲ.
ನನ್ನ ಪೆನ್ನು ಆಗಲೇ "ಇ" ಅಂತ ಬರದಿತ್ತು.

ಎದುರು ಬಾಕಿನಿಂದ ಇಮ್ರೋಜ ಆ ಉಲ್ಟಾ ಅಕ್ಷರ ಓದಿದ.
ಅದ್ದಿದ ಬನ್ನು ಮುರಿದು ಚಹಾದಾಗ ಬಿತ್ತು.
"ನಾಕನೇತ್ತಾ ಗ್ಯಾದರಿಂಗಿನ್ಯಾಗ ಕಳ್ಳ ನಾನೇ,
ಹತ್ತನೇತ್ತಾದಾಗ ದರೋಡೆಖೋರ,
ಹೋದ ವರ್ಷ ಬೀದಿ ನಾಟಕದಾಗ ಸಾರಾಯಿ ಮಾರಾಂವ.
ಡೈಲಾಗು ಯಾವದ್ರಾಗೂ ಇರಲಿಲ್ಲ.
ಬರಕೋ, ರೂಢಿ ಅದ ನಂಗ" ಅಂದ,
ಸಿಟ್ಟಿಲ್ಲದಂಗ, ಭಾಲ್ಕಿ ಬಸ್ಸಿನ ಟೈಮು ಹೇಳಿದಂಗ.

"ಅರೇ, ಗಡ್ಡ ಹ್ಯಾಂಗೂ ಅದಲ್ಲ, ಮೇಕಪ್ಪು ಉಳೀತ..."
ವೈಜಿನಾಥ ಅರ್ಧಕ್ಕ ನಿಂತ.
ಚಹಾದವ ಹಾಲು ಎತ್ತಿ ಎತ್ತಿ ಸುರಿಯೋ ಸಪ್ಪಳ.
ಅಳಿಸಾಕ ಹೋದೆ. ಬಾಲ್‌ಪೆನ್ನು, ಅಳೀಲಿಲ್ಲ.
ಗೀಚಿ ಗೀಚಿ ಹಾಳಿ ತೂತು ಬಿತ್ತು,
ತೂತಿನೊಳಗಿಂದ ಹಿಂದಿನ ಪುಟ ಕಂಡ್ತು,
ಕಪ್ಪಿಯ ಎದಿ, ಬಾಣದ ಗುರುತು ಹಾಕಿ, ಹೆಸರು ಬರದು, ಹತ್ತಕ್ಕ ಒಂಬತ್ತು.

ರಾತ್ರಿ ಹಳೇ ಹಾಸ್ಟೆಲಿನ ಪಡಸಾಲ್ಯಾಗ ಟ್ರಯಲ್ಲು.
ಜನವರಿ ಥಂಡಿ, ಬಾಯಿಂದ ಹೊಗಿ.
ಫೋನು ಇಮ್ರೋಜನ ಕೈಯಾಗ. ನಮ್ಮೊಳಗ ಯಾರ ಕೈನೂ
ಅಷ್ಟು ನೆಟ್ಟಗ ನಿಲ್ಲಲ್ಲ; ತಂತಿ ಕೂರಿಸೋ ಮನಿತನ.
ಕೊಲೆಗಾರ ಇನ್ನೂ ಸಿಕ್ಕಿಲ್ಲ, ಸದ್ಯಕ್ಕ
ಕೀಲಿ ನಾನೇ ತಿರುವಿದೆ.

ಮೆಟ್ಟಲ ಮ್ಯಾಲ ತಲಿ ಕೂಡಿಸಿ ನೋಡಿದ್ವಿ.
ಕರ್ರಗ, ಇನ್ನೂ ಕರ್ರಗ, ಒಂದು ಬೆಳ್ಳಿ ಅಂಚು,
ಆಮ್ಯಾಲ ಕೈ. ಉಗುರಿಗಿ ಬಾಲ್‌ಪೆನ್ನಿನ ಮಸಿ.
ಎಲಿಶೆಬಾ ನನ್ನ ಮಗ್ಗಲಿಂದ ಒಂಚೂರು ಸರದಳು,
ಬೇಕಂತ ಅಲ್ಲ.
ಇಮ್ರೋಜ ಫೋಕಸ್ಸಿನ ಮಾತು ಆಡ್ಲಿಕತ್ತಿದ್ದ.
ನಾ ಕೈ ಸ್ವೆಟರ್ ತೋಳಿನ್ಯಾಗ ಎಳಕೊಂಡೆ.

ಮೂರನೇ ಚೌಕ ಹಂಗೇ ಖಾಲಿ ಅದ.
ಗ್ಲಾಸಿನ ಗುರುತು ಒಣಗ್ಯಾದ.