ಮೂರು ಬೈಟು

ಬ್ಯಾಡಗಿ ಪ್ಯಾಟ್ಯಾಗ ಸರ್ವರಿಗೂ ಸೀನು ಬರತಾವ.
ತೂಕದ ಮನಿ ಹಿಂದಿನ ಖೋಲ್ಯಾಗ ಕುಂತೈತಿ ಅದು,
ಫ್ಯಾನಿನ ರೆಕ್ಕಿಗೆ ಕೆಂಪು ಧೂಳಾ ಮೆತ್ತಿಕೊಂಡು.
ತಿಂಗಳಿಗೊಮ್ಮೆ ಮೂಗಿಗೆ ವಸ್ತ್ರ ಕಟ್ಟಿ
ಬ್ರಶ್ಶಿನಿಂದ ಒರಸತೀನಿ.
ಆಮ್ಯಾಲೆ ದಿನಾಪೂರ್ತಿ ಕಣ್ಣು ಮುಟ್ಟಂಗಿಲ್ಲ.

ಇವತ್ತು ಮುಂಜಾನೆ ಆಕ್ಸೆಸ್ ಲಾಗ್ ತಗದೆ.
ದಿನಾ ಬರೋರು ಕೇಳೋದು ಒಂದ:
ಡಬ್ಬಿ ಎಷ್ಟು, ಕಡ್ಡಿ ಎಷ್ಟು, ಗುಂಟೂರು ಎಷ್ಟು.
ರಾತ್ರಿ ಬಂದಾಂವ ಕೇಳಿದ್ದು ಬ್ಯಾರೆ.
ನಮ್ಮ ಬಾಗಲಾ ಬಡದು ಯಾರದೋ ಮನಿ ವಿಳಾಸ ಹೇಳ್ಯಾನ,
ಎಚ್‌ಟಿಟಿಪಿಯಿಂದ ಹಿಡದು ಪೂರಾ ವಿಳಾಸ:
"ಅಲ್ಲಿಗೆ ಹೋಗಿ ತಂದುಕೊಡು, ನನ್ನ ಹೆಸರು ಹೇಳಬ್ಯಾಡ."
ಐದೈದು ನಿಮಿಷಕ್ಕೊಮ್ಮೆ,
ನಡುರಾತ್ರಿಯಿಂದ ಬೆಳಕು ಹರಿಯೂತನಕ ಎಪ್ಪತ್ತೆರಡು ಸಾಲು.

ಪ್ರಾಕ್ಸಿ ನಮಗ ಹೊಸಾದಲ್ಲ.
ಟವೆಲ್ ಕೆಳಗ ಬೆರಳು ಹಿಡದು ರೇಟು ಮಾಡೋ ಕಾಲದಾಗ
ಯಾರ ಬೆರಳು, ಯಾರ ರೊಕ್ಕ, ಚೀಲ ಯಾರ ಗಾಡಿಗೆ
ಅಂತ ನಮ್ಮಜ್ಜ ಹಮಾಲ ಮೌಲಾಸಾಬ ಎಂದೂ ಕೇಳಿದಾಂವಲ್ಲ;
ಹೊತ್ತ, ಇಳಿಸಿದ.

ನನ್ನ ಎದಿ ಧಸಕ್ ಅಂದಿದ್ದು ಸಾಲಿನ ತುದೀಗೆ.
ಇನ್ನೂರು. ಇನ್ನೂರು. ಇನ್ನೂರು.
ಅಂದ್ರ: ಹೂಂ, ತಗೋ, ಕೊಟ್ಟೆ.
ನಾನೂರಾ ನಾಲ್ಕರ ಇರಬೇಕಿತ್ತಲ್ಲ!
ನಮ್ಮ ಹೆಸರಿನ್ಯಾಗ ಯಾರ ಮನಿ ಹೊಕ್ಕು ಬಂದಾನೋ ಇಂವ,
ಕೈ ತಣ್ಣಗಾದ್ವು.

ಇನ್ನೂರರ ಬಾಜೂಕ ಇನ್ನೊಂದು ಅಂಕಿ ಇರತೈತಿ, ತೂಕದ್ದು.
೭,೪೧೮ ಬೈಟು.
ನಮ್ಮ ಮೊದಲ ಪುಟದ ತೂಕಾನೂ ಅಷ್ಟ.
ಒಬ್ಬಾಕೀನ ಜೋರಾಗಿ ನಕ್ಕೆ.
ಯಾರದೋ ಮನಿ ಕೇಳಿದಾಂವಗ ನಮ್ಮ ಸರ್ವರು
ಮೆಣಸಿನಕಾಯಿ ರೇಟು ಹೇಳಿ ಕಳಿಸೇತಿ,
ಬಸ್ಸಿನ ವ್ಯಾಳ್ಯಾ ಕೇಳಿದವರಿಗೆ ಕಿವುಡ ಮುದುಕ
ಮೊಮ್ಮಗಳ ಮದುವಿ ಸುದ್ದಿ ಹೇಳಿದಂಗ.

ಅಷ್ಟಕ್ಕ ಬಿಡಬೇಕಿತ್ತು.
ನಮ್ಮ ಅಮ್ಮಿ ತೊಟ್ಟು ಬಿಡಿಸಾಕಿ,
ಚೀಲದ ತಳಾ ಕಾಣೂತನಕ ಏಳಾಕಿಯಲ್ಲ.
ಆ ಚಟ ನನಗೂ.

ಎರಡೂ ಮೂವತ್ತೈದರ ಸಾಲು: ೭,೪೨೧.
ಮುಂದಿನದೂ. ಅದರ ಮುಂದಿನದೂ.
ನಾಲ್ಕೂ ಐವತ್ತಕ್ಕ ಮತ್ತ ೭,೪೧೮.

ಮೂರು ಬೈಟು.
ನಮ್ಮ ಪುಟದಾಗ ರೇಟು ಕನ್ನಡ ಅಂಕಿಯೊಳಗ,
ನಾನ ಹಟಾ ಹಿಡದು ಹಾಕಿಸಿದ್ದು.
ಕನ್ನಡದ ಒಂದು ಅಂಕಿಗೆ ಯಂತ್ರದ ಲೆಕ್ಕದಾಗ ಮೂರು ಬೈಟು.
ನಿನ್ನೆ ಸಂಜಿಗೆ ಗುಂಟೂರು ೯,೮೫೦ ಇತ್ತು, ಈಗೂ ಅಷ್ಟ ಐತಿ.
ನಡುವ ಐದನೇ ಅಂಕಿಯೊಂದು ಬಂದು
ಎರಡು ತಾಸು ಕುಂತು ಎದ್ದು ಹೋಗೇತಿ.
ಯಾರಿಗೆ ತೋರಸಾಕ?

ಲಾಗು ಬರಕೊಳ್ಳೋದು ಬಾಗಲದಿಂದ ಬಂದವರನ್ನ,
ಮನಿಯೊಳಗ ಕುಂತವರನ್ನ ಅಲ್ಲ.
ಈ ಖೋಲಿಗೆ ಕೀಲೀಕೈ ಎರಡು.
ಒಂದು ನನ್ನ ಪರ್ಸಿನ್ಯಾಗ.

ಹನ್ನೊಂದಕ್ಕ ಸೆಕ್ರೆಟರಿ ಹಾವನೂರಮಠರು ಬಂದ್ರು, ಚಾ ತರಿಸಿದ್ರು.
"ಹೊರಗಿನಾಂವ ಯಾವನೋ ರಾತ್ರಿಯೆಲ್ಲಾ ಬಡದಾನಲ್ಲ ಫಮೀದಾ,
ಆ ಐಪಿ ಬಂದ್ ಮಾಡು.
ಲಾಗೂ ಒರಸಿಬಿಡು, ಸುಮ್ಮನ ಡಿಸ್ಕ್ ತುಂಬತೈತಿ."

ನಾನಿನ್ನೂ ಯಾರಿಗೂ ಹೇಳಿದ್ದಿಲ್ಲ.

"ಹೂಂನ್ರಿ" ಅಂದೆ.
ಚಾದಾಗೂ ಘಾಟು.
ಅವರು ಹೋದ ಮ್ಯಾಲೆ ಲಾಗಿನ ನಕಲು
ಪೆನ್ ಡ್ರೈವಿಗೆ ಇಳಿಸಿ, ಊಟದ ಡಬ್ಬಿಯೊಳಗಿಟ್ಟೆ,
ರೊಟ್ಟಿ ಕೆಳಗ.

ಹೊರಗಿನಾಂವನ್ನ ಮಾತ್ರ ತಡೀಲಿಲ್ಲ.
ಕಳ್ಳ ಇದ್ದರ ಇರಲಿ.
ಐದೈದು ನಿಮಿಷಕ್ಕೊಮ್ಮೆ ನಮ್ಮನ್ನ ತೂಗಿ ಹೋಗಾಂವ
ಅಂವೊಬ್ಬನ.
ಇವತ್ತ ರಾತ್ರೀನೂ ಬರಲಿ.