ಸೆಕೆಂಡಿಗೆ ಏಳು

ಇಪ್ಪತ್ತನಾಲ್ಕು ಬರಬೇಕು ಸೆಕೆಂಡಿಗೆ.
ಏಳು ಬರುತ್ತಿದೆ.
ಪೆಲಾಗಿಯಾ ಜೇನುಪೆಟ್ಟಿಗೆಯ ಮುಚ್ಚಳ ಎತ್ತುತ್ತಾಳೆ
ಕುಂಟುತ್ತ, ನಿಲ್ಲುತ್ತ, ಮತ್ತೆ ಕುಂಟುತ್ತ;
ಹೊಗೆ ಗಂಟುಗಂಟಾಗಿ ಮೇಲೇಳುತ್ತದೆ
ಬಾಚದ ಕೂದಲಿನ ಹಾಗೆ.

ದೋಣಿ ಎಂಬ ಹೆಸರಿನ ಊರು ಇದು, ವೂಚ್.
ಹೊಳೆಯನ್ನು ಮಾತ್ರ ನೆಲದಡಿ ಕೊಳವೆಗೆ ತುಂಬಿದ್ದಾರೆ.
ನನ್ನ ಕೋಣೆ ಒಂದು ಕಾಲಕ್ಕೆ ಬಟ್ಟೆಗೆ ಬಣ್ಣ ಕಟ್ಟುವ ಗಿರಣಿ,
ಹಲಗೆ ಸಂದಿನಲ್ಲಿ ಈಗಲೂ ನೀಲಿ ಇದೆ,
ಹಿಮದಲ್ಲಿ ನೆಂದ ಕಾಲುಚೀಲಕ್ಕೆ ಹತ್ತುತ್ತದೆ.
ನಾನೂ ಬಣ್ಣ ಕಟ್ಟುವವಳೇ. ಅವರು ನೂಲಿಗೆ, ನಾನು ಬೆಳಕಿಗೆ.

ಮೊದಲು ಕಾರ್ಡನ್ನೇ ಬೈದೆ.
ನಾಲ್ಕು ತಿಂಗಳ ಬಾಡಿಗೆ ಸುರಿದು ತಂದದ್ದು,
ಇಟ್ಟಿಗೆಯಷ್ಟು ತೂಕ, ಮೂರು ಫ್ಯಾನು,
ದುಡಿಮೆ ನೋಡಿದರೆ ನೂರಕ್ಕೆ ಮೂವತ್ತು.
ಉಳಿದ ಎಪ್ಪತ್ತು ಯಾರ ಮನೆಯಲ್ಲಿ ಉಣ್ಣುತ್ತಿದೆ?

ಹೊಸ ಡ್ರೈವರ್ ಹಾಕಿದೆ. ಏಳು.
ಹಳೆಯದಕ್ಕೆ ಮರಳಿದೆ. ಏಳು.
ಕತ್ತಲಿನ ರವೆರವೆಯನ್ನು ಜರಡಿ ಹಿಡಿಯುವ ನೋಡ್ ಕಿತ್ತರೆ ಹನ್ನೊಂದು,
ಹಿಗ್ಗುವಷ್ಟರಲ್ಲಿ ಒಂಬತ್ತು.
ತಾಪ ಅರವತ್ತೊಂದು: ಜ್ವರವಿಲ್ಲ.
ಮೆಮೊರಿ ಅರ್ಧ ಖಾಲಿ: ಅಜೀರ್ಣವಲ್ಲ.
ಡಿಸ್ಕ್ ಬದಲಿಸಿದೆ, ಕೇಬಲ್ ಬದಲಿಸಿದೆ,
ಕೂರುವ ಕುರ್ಚಿಯನ್ನೂ ಬದಲಿಸಿದೆ, ಸುಳ್ಳಲ್ಲ.
ವಾರ್ಸಾದಿಂದ ನಿರ್ದೇಶಕ ವಿಟೋಲ್ಡನ ಫೋನು:
‘ಶುಕ್ರವಾರಕ್ಕೆ ಆಗುತ್ತದಾ?’
‘ಆ... ಗು... ತ್ತೆ’ ಅಂದೆ. ನನಗೂ ಅಂಟಿತ್ತು.

ಮೂರನೆಯ ರಾತ್ರಿ, ಎರಡೂವರೆ.
ಬೈಗುಳ ಮುಗಿದಿತ್ತು, ಸುಮ್ಮನೆ ನೋಡುತ್ತಿದ್ದೆ.
ಮುಚ್ಚಳ ಎತ್ತುವುದಕ್ಕೂ ಕ್ಯಾಮೆರಾಕ್ಕೆ ನಗುವುದಕ್ಕೂ ನಡುವೆ
ಒಂದೇ ಒಂದು ಫ್ರೇಮು ಜಗ್ಗಿ ನಿಂತಿತು.
ಅವಳ ಕಣ್ಣು ನಮ್ಮ ಮೇಲಿರಲಿಲ್ಲ.
ಗೋಡೆಯತ್ತ ಹೋಗಿತ್ತು,
ನಾನು ಮಸಿ ಬಳಿದು ಮುಚ್ಚಿದ್ದ ಮೂಲೆಗೆ.
ನೆರಳನ್ನು ತುಸು ಎತ್ತಿದೆ; ಇನ್ನೂ ತುಸು.
ಮೊಳೆಗೆ ತೂಗಿತ್ತು ಎರಡನೆಯ ಮುಖಪರದೆ,
ದೊಡ್ಡ ಅಳತೆಯದು, ಗಂಡಸಿನದು.
ಮಡಿಕೆಗಳಲ್ಲಿ ಧೂಳು.

ನಲವತ್ತು ಸಲ ನೋಡಿದ ಶಾಟು.
ವಿಟೋಲ್ಡ್ ಇನ್ನೂರು ಸಲ ನೋಡಿರಬೇಕು.
ಕಾಫಿ ಮಾಡಿಕೊಂಡು ಬಂದೆ, ಕುಡಿಯಲಿಲ್ಲ.

ಬೆಳಿಗ್ಗೆ ಝೆನಾನ್ ಬಂದ, ಲಿಫ್ಟ್ ರಿಪೇರಿಯವನು,
ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಡಬ್ಬಿಯೊಳಗೆ ಬಗ್ಗಿದ.
‘ಹದಿನಾರು ತೂಬಿನ ಜಾಗ ಮೇಲೆ ಬಿಕೋ ಅನ್ನುತ್ತಿದೆ,
ನಾಲ್ಕು ತೂಬಿನದಕ್ಕೆ ಸಿಕ್ಕಿಸಿದ ಪುಣ್ಯಾತ್ಮ ಯಾರು?’
ಆಗಸ್ಟಿನಲ್ಲಿ ಧೂಳು ಹೊಡೆದದ್ದು ಯಾರು?
ಕೈಗೆ ಸುಲಭ ಅಂತ ಕೆಳಗೆ ಒತ್ತಿದ್ದು?
ಕಂಕುಳಲ್ಲಿ ಕೂಸು, ಮೂರು ರಾತ್ರಿ ಊರೆಲ್ಲ ಡಂಗುರ.
ಅವನು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.
ಎರಡು ತಿರುಪು, ಒಂದು ‘ಟಕ್’.

ಇಪ್ಪತ್ತನಾಲ್ಕು.
ಹೊಗೆ ನೀರಿನ ಹಾಗೆ ಹರಿಯಿತು, ಜೇನ್ನೊಣ ಜೇನ್ನೊಣವಾದವು.
ಪೆಲಾಗಿಯಾ ಮುಚ್ಚಳ ಎತ್ತಿದಳು, ನಕ್ಕಳು.
ಆ ನೋಟಕ್ಕೆ ಕಾದೆ. ಹಿಂದಕ್ಕೆ ಎಳೆದು ಮತ್ತೆ ಕಾದೆ.
ರೆಪ್ಪೆಗಿಂತ ಬೇಗ ಹೋಗುತ್ತದೆ, ಸಿಗುವುದಿಲ್ಲ.
ಎತ್ತಿದ ನೆರಳನ್ನು ಇಳಿಸಲಿಲ್ಲ.

ಶುಕ್ರವಾರ ವಿಟೋಲ್ಡ್ ಕತ್ತು ಮುಂದೆ ಚಾಚಿ ಕೂತ.
‘ಗೋಡೆಯಲ್ಲಿ ಅದೇನು, ಕಲೆಯಾ? ಅಳಿಸಲು ಬರುತ್ತಾ?’
‘ಬರುತ್ತೆ’ ಅಂದೆ.
ಕೈ ಗುಂಡಿಯ ಮೇಲೇ ಇತ್ತು. ತಿರುಗಿಸಲಿಲ್ಲ.
ಅವನೂ ಎರಡನೆಯ ಸಲ ಕೇಳಲಿಲ್ಲ.