ಅಳತೆ ಪುಸ್ತಕದ ನೂರಾ ಹನ್ನೆರಡನೇ ಪುಟ

ಭುಜ ಹದಿನಾಲ್ಕು. ತೋಳು ಬೇಡವಂತೆ.
ಭುಜದಿಂದ ನೆಲಕ್ಕೆ ಐವತ್ತಾರು,
ಹಿಮ್ಮಡಿಯ ನಾಲ್ಕು ಸೇರಿಸಿ ಅರವತ್ತು.
ಹೆಸರು ಮೋಕ್ಷಿತ, ಫಸ್ಟ್ ಪಿಯುಸಿ, ತಣ್ಣೀರುಹಳ್ಳ.
ಅರಸೀಕೆರೆಯಲ್ಲಿ ಜೈಪುರದ ರೈಲು ಹತ್ತುವ ಮುಂಚೆ ಕೊಡಬೇಕು.

ಫಾರಮ್ಮಿನಲ್ಲಿ ಇನ್ನೂ ಮೂರು ಅಳತೆ ಕೇಳಿದ್ದರು.
ಅವನ್ನು ಎಂದಿನ ಹಾಗೆ ಕೂಗಿ ಹೇಳಲಿಲ್ಲ ನಾನು.
ಚೀಟಿಯಲ್ಲಿ ಬರೆದು, ಮಡಚಿ,
ಅವಳಮ್ಮನ ಕೈಗಿಟ್ಟೆ.

ಅಮ್ಮ ಲೋಲಾಕ್ಷಿ, ಡೈರಿಯಲ್ಲಿ ಕೆಲಸ.
ಬೆಳಗಿನ ಐದರಿಂದ ಕ್ಯಾನು ಕ್ಯಾನಿಗೂ
ಒಂದಿಷ್ಟು ಹಾಲು ಕೊಳವೆಗೆ ಬಿಟ್ಟು
ಫ್ಯಾಟೆಷ್ಟು ನೀರೆಷ್ಟು ನೋಡುವವಳು.
ಚೀಟಿ ಬಿಚ್ಚಿ ಅಂದಳು:
“ನಾವು ಹಾಲಿಗೂ ಇಷ್ಟು ಕೇಳಲ್ಲ, ಶಮೀನಕ್ಕ.”
ಇಬ್ಬರೂ ನಕ್ಕೆವು. ಹುಡುಗಿ ನಗಲಿಲ್ಲ.
ಕನ್ನಡಿಯೆದುರು, ಇಲ್ಲದ ಲಂಗವನ್ನು ಎರಡು ಬೆರಳಲ್ಲಿ ಎತ್ತಿ
ಮೂರು ಹೆಜ್ಜೆ ಇಟ್ಟಳು. ನಿಂತಳು. ಎಣಿಸಿದಳು. ತಿರುಗಿದಳು.
ನನ್ನ ಅಂಗಡಿ ಇರುವುದೇ ನಾಲ್ಕು ಹೆಜ್ಜೆ.

ಬಟ್ಟೆ, ಅವಳ ಚಿಕ್ಕಮ್ಮನ ರಿಸೆಪ್ಷನ್ ಗೌನು.
ನವಿಲುನೀಲಿ ಸ್ಯಾಟಿನ್, ಒಂದು ಕಡೆ ಪಾಯಸದ ಕಲೆ.
ಕಲೆಯನ್ನು ನೆರಿಗೆಯೊಳಗೆ ಸೇರಿಸಿ
ಮೇಲೊಂದು ಸಾಲು ಮಣಿ ಓಡಿಸಿದೆ.
ಮೂರು ರಾತ್ರಿ. ಕರೆಂಟು ಹೋದಾಗೆಲ್ಲ
ಸಂತೆಪೇಟೆಗೆ ತಿರುಗುವ ಆಲೂಗಡ್ಡೆ ಲಾರಿಗಳ ಬೆಳಕು
ಬಾಗಿಲಲ್ಲಿ ಇಣುಕಿ ಹೋಗುತ್ತಿತ್ತು,
ನೀಲಿ ಒಮ್ಮೆ ಕಪ್ಪು, ಒಮ್ಮೆ ಹಸಿರು.
ಮೂವತ್ತು ವರ್ಷ ಬ್ಲೌಸು ಹೊಲಿದ ಕೈ ಇದು.
ಎಲ್ಲೆಲ್ಲಿ ಮುಚ್ಚಬೇಕು ಅನ್ನುವುದಷ್ಟೇ ಕಲಿತದ್ದು.

ಇಸ್ತ್ರಿ ಮೇಜಿನ ಮುಂದೆ ನಿಂತು ಬಾಯಿಪಾಠ ಒಪ್ಪಿಸುತ್ತಿದ್ದಳು,
ಇಂಗ್ಲಿಷಿನಲ್ಲಿ, ಲೋಕಕ್ಕೆಲ್ಲ ಶಾಂತಿ.
ಗುಂಡುಸೂಜಿ ಕಚ್ಚಿಕೊಂಡೇ ಕೇಳಿದೆ:
“ಅದ್ಸರಿ, ನಿಂಗ್ಯಾಕೆ ಬೇಕು ಇದು?”
ಅದಕ್ಕೆ ಉತ್ತರ ಬರೆದುಕೊಂಡಿರಲಿಲ್ಲ.
ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು:
“ಉದ್ದ ಇದೀನಿ ಅಂತ ಒಂದನೇ ಕ್ಲಾಸಿಂದ
ಕೊನೇ ಬೆಂಚು ಆಂಟಿ.
ಒಂದ್ಸಲ ಮುಂದೆ ನಿಂತ್ಕೋಬೇಕು.”

ಯಾವ ಬಟ್ಟೆ ಕೊಟ್ಟರೂ ಒಳಮಡಿಕೆಯಲ್ಲಿ
ದಾರ ಪೋಣಿಸಿದ ಸೂಜಿಯೊಂದು ಚುಚ್ಚಿಡುವುದು ನನ್ನಮ್ಮನ ರೂಢಿ.
ಅದಕ್ಕೂ ಚುಚ್ಚಿದೆ.

ಫೈನಲ್ ರಾತ್ರಿ ಇಶಾ ನಮಾಜು ಮುಗಿಸಿ
ಫೋನನ್ನು ದಾರದ ಡಬ್ಬಿಗೆ ಒರಗಿಸಿ ಕೂತೆ.
ರಾಜ್ಯ ರಾಜ್ಯದ ಮಕ್ಕಳು ಬಂದರು, ಹೊಗೆ, ಬಣ್ಣದ ಬೆಳಕು.
ಎಲ್ಲರೂ ಮುಖ ನೋಡಿರಬೇಕು.
ನಾನು ಅಂಚು ನೋಡಿದೆ.
ಬಲಗಡೆ ಅರ್ಧ ಇಂಚು ಜೋತಿದೆ, ಯಾ ಅಲ್ಲಾ,
ಅವಳು ತಿರುಗಿದಳು, ಹಿಮ್ಮಡಿ ಅದರ ಮೇಲೇ
ಚಿತ್ರ ನಿಂತುಬಿಟ್ಟಿತು.
ನಡುವೆ ಒಂದು ಬಿಳಿ ಉಂಗುರ ಸುತ್ತುತ್ತಾ ಸುತ್ತುತ್ತಾ,
ಒಂದು ಕಾಲು ಗಾಳಿಯಲ್ಲಿಟ್ಟ ಹುಡುಗಿ
ನನ್ನ ದಾರದ ಡಬ್ಬಿಗೆ ಒರಗಿಕೊಂಡು.

ಮತ್ತೆ ಓಡಿದಾಗ ಬೇರೆ ಯಾರೋ ಅಳುತ್ತಿದ್ದಳು,
ತಲೆ ಮೇಲೆ ಕಿರೀಟ. ಸುತ್ತ ಚಪ್ಪಾಳೆ.
ಹಿಂದಿನ ಸಾಲಿನ ತುದಿಯಲ್ಲಿ ಒಂದಿಷ್ಟು ನೀಲಿ.

ಹದಿನೈದು ದಿನ ಬಿಟ್ಟು ಬಂದಳು, ಯೂನಿಫಾರ್ಮಿನಲ್ಲಿ.
“ಬಿದ್ದೆಯಾ?”
“ಇಲ್ಲ ಆಂಟಿ, ಡಾನ್ಸ್ ಥರ ಮಾಡ್ಬಿಟ್ಟೆ.
ಒಳಗೋಗಿ ನಿಮ್ಮ ಸೂಜೀಲೇ ಹೊಲ್ಕೊಂಡೆ.
ಸ್ಟೇಜ್ ಹಿಂದೆ ಎಲ್ಲಾರ್ದೂ ಬಿಚ್ಕೊಳ್ತಿತ್ತು, ಗೊತ್ತಾ?
ಫಸ್ಟ್ ಬಂದವಳ ಹುಕ್ಕೂ ನಾನೇ ಹಾಕಿದ್ದು.”
ಅಂಚು ತಿರುಗಿಸಿ ನೋಡಿದೆ.
ಕೋಳಿ ಕೆದಕಿದ ಹಾಗೆ ಹೊಲಿಗೆ, ಬಿಳಿ ದಾರ ಮುಗಿದು ಕೆಂಪು.
ಬಿಚ್ಚಲು ಕತ್ತರಿ ಎತ್ತಿಕೊಂಡವಳು
ಏನೋ ಹುಡುಕುವ ಹಾಗೆ ಕೆಳಗಿಟ್ಟೆ.

ಯೂನಿಫಾರ್ಮು ಮೋಟಾಗಿದೆ, ಮಡಿಕೆ ಬಿಡಬೇಕಂತೆ.
ಮತ್ತೆ ಟೇಪು ಹಿಡಿದೆ. ಭುಜದಿಂದ ನೆಲಕ್ಕೆ
ಐವತ್ತಾರೂ ಕಾಲು.
ಬೆಳೆದಿದ್ದಾಳೋ, ನೆಟ್ಟಗೆ ನಿಂತಿದ್ದಾಳೋ,
ಟೇಪಿಗೆ ಗೊತ್ತಾಗುವುದಿಲ್ಲ.
ಹಳೆಯದನ್ನು ಹೊಡೆದು ಪಕ್ಕದಲ್ಲೇ ಬರೆದುಕೊಂಡೆ.

ಗೌನಿನ ಬಾಕಿ ಇನ್ನೂರೈವತ್ತು.
ಅಮ್ಮ ಒಂದನೇ ತಾರೀಕು ಕೊಡ್ತಾರಂತೆ.